ಇಂಟರ್ನ್‌ಶಿಪ್ ಮುಗಿದ ಮರುದಿನ: ವಿಕಲಚೇತನ ಯುವಜನರ ನೌಕರಿ ಎಲ್ಲಿ ತಪ್ಪುತ್ತಿದೆ?

ಈಚಿನ ಎರಡು ಸುದ್ದಿಗಳು ವಿಕಲಚೇತನ ಮಕ್ಕಳಿರುವ ಮನೆಗಳಲ್ಲಿ ಆಸೆಯನ್ನೂ ಗೊಂದಲವನ್ನೂ ಒಟ್ಟಿಗೇ ಹುಟ್ಟಿಸಿವೆ. ಖಾಸಗಿ ಉದ್ಯೋಗದಲ್ಲಿ ವಿಕಲಚೇತನರಿಗೆ ಕನಿಷ್ಠ ಶೇ 5ರಷ್ಟು ಪಾಲು ಕೊಡಿಸುವ ಕರಡು ಮಸೂದೆಯನ್ನು ಕರ್ನಾಟಕ ಸರ್ಕಾರ ರೂಪಿಸಿದೆ ಎಂಬ ವರದಿ 2025ರ ಕೊನೆಯ ತಿಂಗಳುಗಳಲ್ಲಿ ಬಂತು. ಅದಕ್ಕೂ ಮೊದಲೇ ಹೊರಬಿದ್ದದ್ದು ಕೇಂದ್ರದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯ ಲೆಕ್ಕ. ಅದರ ಮೊದಲ ಸುತ್ತಿನಲ್ಲಿ ಕಂಪನಿಗಳು 82 ಸಾವಿರಕ್ಕೂ ಹೆಚ್ಚು ಆಹ್ವಾನ ಕಳುಹಿಸಿದವು. ಒಪ್ಪಿಕೊಂಡವರು 28 ಸಾವಿರದಷ್ಟು, ನಿಜವಾಗಿ ಹೋಗಿ ಸೇರಿದವರು 9 ಸಾವಿರಕ್ಕೂ ಕಡಿಮೆ.

ಮೊದಲ ಸುದ್ದಿ ಓದಿದವರು ಕೇಳುವ ಪ್ರಶ್ನೆ: ಶೇ 5ರ ಮೀಸಲಾತಿ ಕಾನೂನಿನಲ್ಲಿ ಆಗಲೇ ಇತ್ತಲ್ಲವೇ? ಎರಡನೆಯದನ್ನು ಓದಿದವರದು: ಸೀಟು ಖಾಲಿ ಇದ್ದರೂ ನಮ್ಮ ಹುಡುಗನಿಗೆ ಏಕೆ ಸಿಗುತ್ತಿಲ್ಲ? ಇವೆರಡರ ನಡುವೆ ಮೂರನೆಯ ಪ್ರಶ್ನೆಯೊಂದಿದೆ, ಅದನ್ನು ಕೇಳುವವರು ಕಡಿಮೆ. ತರಬೇತಿ ಪಡೆದು, ಆರು ತಿಂಗಳೋ ವರ್ಷವೋ ಒಂದು ಕಂಪನಿಯಲ್ಲಿ ಇಂಟರ್ನ್ ಆಗಿ ದುಡಿದು, ಪ್ರಮಾಣಪತ್ರವನ್ನೂ ಪಡೆದವರು ಮರುದಿನ ಏಕೆ ಮನೆಯಲ್ಲಿರುತ್ತಾರೆ? ಅಥವಾ ಇನ್ನೊಂದು ತರಬೇತಿಗೆ ಏಕೆ ಸೇರುತ್ತಾರೆ? ನಮ್ಮ ಕಾನೂನು, ಅನುದಾನ, ಪ್ರೋತ್ಸಾಹಧನ ಎಲ್ಲವೂ ತರಬೇತಿಯ ಬಾಗಿಲವರೆಗೆ ಬಂದು ಅಲ್ಲಿಯೇ ನಿಂತುಬಿಡುವಂತೆ ರಚನೆಯಾಗಿರುವುದು ಇದಕ್ಕೆ ಮುಖ್ಯ ಕಾರಣ.

ಶೇ 4 ಯಾವುದು, ಶೇ 5 ಯಾವುದು

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 34ನೇ ಸೆಕ್ಷನ್ ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇ 4ರಷ್ಟನ್ನು ಮೀಸಲಿಡುತ್ತದೆ. ಇದು ಗಟ್ಟಿಯಾದ ಮೀಸಲಾತಿ. ಅಂಧರು ಮತ್ತು ಮಂದದೃಷ್ಟಿಯವರಿಗೆ ಶೇ 1, ಕಿವುಡರು ಮತ್ತು ಶ್ರವಣದೋಷವುಳ್ಳವರಿಗೆ ಶೇ 1, ಚಲನವೈಕಲ್ಯ ಇರುವವರಿಗೆ ಶೇ 1, ಆಟಿಸಂ, ಬೌದ್ಧಿಕ ವೈಕಲ್ಯ, ಮಾನಸಿಕ ಕಾಯಿಲೆ, ಬಹುವೈಕಲ್ಯ ಎಲ್ಲ ಸೇರಿ ಶೇ 1 ಎಂದು ಹಂಚಿಕೆಯೂ ಇದೆ. ಸೂಕ್ತ ಅಭ್ಯರ್ಥಿ ಸಿಗದೆ ಹುದ್ದೆ ಭರ್ತಿಯಾಗದಿದ್ದರೆ ಅದನ್ನು ಮುಂದಿನ ನೇಮಕಾತಿ ವರ್ಷಕ್ಕೆ ಒಯ್ಯಬೇಕು.

ಮರು ಸೆಕ್ಷನ್‌ನಲ್ಲೇ, ಅಂದರೆ 35ರಲ್ಲಿ, ಶೇ 5 ಎಂಬ ಅಂಕಿ ಬರುತ್ತದೆ. ಅದು ಮೀಸಲಾತಿಯಲ್ಲ. ತಮ್ಮ ಸಿಬ್ಬಂದಿಯಲ್ಲಿ ಕನಿಷ್ಠ ಶೇ 5ರಷ್ಟು ಮಂದಿ ವಿಕಲಚೇತನರಾಗಿರುವಂತೆ ನೋಡಿಕೊಳ್ಳಲು ಖಾಸಗಿ ಮಾಲೀಕರಿಗೆ ಸರ್ಕಾರ ಪ್ರೋತ್ಸಾಹ ನೀಡಬೇಕು ಎಂದಷ್ಟೇ ಅದು ಹೇಳುತ್ತದೆ. ಅದೂ ಸರ್ಕಾರದ ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ. ನೇಮಿಸಿಕೊಳ್ಳದಿದ್ದರೆ ದಂಡವಿಲ್ಲ. 1995ರ ಹಳೆಯ ಕಾಯ್ದೆಯಲ್ಲೂ ಇದೇ ಶೇ 5, ಇದೇ ಪ್ರೋತ್ಸಾಹದ ಮಾತು ಇತ್ತು. ಹೀಗಾಗಿ ಕರ್ನಾಟಕದ ಕರಡಿನಲ್ಲಿರುವ ಅಂಕಿ ಮೂವತ್ತು ವರ್ಷ ಹಳೆಯದು. ಪ್ರೋತ್ಸಾಹವನ್ನು ಕಡ್ಡಾಯಕ್ಕೆ ತಿರುಗಿಸಲು ಹೊರಟಿರುವುದು ಮಾತ್ರ ಹೊಸದು.

ಖಾಸಗಿ ಕಂಪನಿಗಳ ಮೇಲೆ ಕಾನೂನಿನ ಹೊಣೆಯೇ ಇಲ್ಲವೆಂದಲ್ಲ. 20 ಅಥವಾ ಹೆಚ್ಚು ನೌಕರರಿರುವ ಪ್ರತಿ ಸಂಸ್ಥೆಯೂ ಸಮಾನ ಅವಕಾಶ ನೀತಿಯನ್ನು ಬರೆದು ಪ್ರಕಟಿಸಬೇಕು. ವಿಕಲಚೇತನರಿಗೆ ಸೂಕ್ತವಾದ ಹುದ್ದೆಗಳ ಪಟ್ಟಿ ಅದರಲ್ಲಿರಬೇಕು. ನೇಮಕಾತಿ ನೋಡಿಕೊಳ್ಳುವ ಸಂಪರ್ಕಾಧಿಕಾರಿಯೊಬ್ಬರಿರಬೇಕು. ನೀತಿಯ ಪ್ರತಿಯನ್ನು ವಿಕಲಚೇತನರ ಆಯುಕ್ತರ ಬಳಿ ನೋಂದಾಯಿಸಬೇಕು. ಕಾಯ್ದೆ ಉಲ್ಲಂಘಿಸಿದರೆ ಮೊದಲ ಸಲ 10 ಸಾವಿರ ರೂಪಾಯಿವರೆಗೆ, ಆಮೇಲೆ 50 ಸಾವಿರದಿಂದ 5 ಲಕ್ಷ ರೂಪಾಯಿವರೆಗೆ ದಂಡ. ಆದರೆ ಇವೆಲ್ಲ ನೀತಿಪತ್ರದ ಕುರಿತ ಹೊಣೆ. ಪತ್ರ ಬರೆದಿಟ್ಟು ಒಬ್ಬರನ್ನೂ ನೇಮಿಸಿಕೊಳ್ಳದ ಕಂಪನಿ ಕಾನೂನಿನ ಕಣ್ಣಿಗೆ ತಪ್ಪಿತಸ್ಥನಲ್ಲ.

ನಿರುದ್ಯೋಗ ಶೇ 4.2 ಮಾತ್ರವೇ?

ರಾಷ್ಟ್ರೀಯ ಮಾದರಿ ಸಮೀಕ್ಷೆಯ 76ನೇ ಸುತ್ತು 2018ರ ಜುಲೈನಿಂದ ಡಿಸೆಂಬರ್‌ವರೆಗೆ ನಡೆಯಿತು. ಅದರ ಪ್ರಕಾರ 15 ವರ್ಷ ಮೇಲ್ಪಟ್ಟ ವಿಕಲಚೇತನರಲ್ಲಿ ನಿರುದ್ಯೋಗ ದರ ಶೇ 4.2. ಈ ಒಂದೇ ಅಂಕಿ ಹಿಡಿದು ನೋಡಿದರೆ ಸಮಸ್ಯೆಯೇ ಇಲ್ಲ ಅನ್ನಿಸಬಹುದು. ಅದೇ ಸಮೀಕ್ಷೆಯ ಪಕ್ಕದ ಅಂಕಿ ನೋಡಿ: ಕೆಲಸ ಮಾಡುತ್ತಿರುವವರು ಅಥವಾ ಕೆಲಸ ಹುಡುಕುತ್ತಿರುವವರು ಒಟ್ಟು ಶೇ 23.8 ಮಾತ್ರ. ಉಳಿದವರು, ಅಂದರೆ ನಾಲ್ಕರಲ್ಲಿ ಮೂರು ಪಾಲು ಜನ, ಲೆಕ್ಕದಲ್ಲೇ ಇಲ್ಲ. ಹುಡುಕಿ ಪ್ರಯೋಜನವಿಲ್ಲ ಎಂದು ಕೈಬಿಟ್ಟವರು, ಮನೆಯವರು ಹೊರಗೆ ಕಳುಹಿಸದವರು, ವಯಸ್ಸಾದವರು, ಓದು ಅರ್ಧಕ್ಕೆ ನಿಂತವರು, ಎಲ್ಲರೂ ಅದರಲ್ಲಿದ್ದಾರೆ.

2011ರ ಜನಗಣತಿ ಕರ್ನಾಟಕದಲ್ಲಿ 13.24 ಲಕ್ಷ ವಿಕಲಚೇತನರನ್ನು ಗುರುತಿಸಿತ್ತು. ದೇಶದ ಮಟ್ಟದಲ್ಲಿ ವಿಕಲಚೇತನ ಪುರುಷರಲ್ಲಿ ಶೇ 47ರಷ್ಟು ಮಂದಿ ದುಡಿಯುತ್ತಿದ್ದರೆ ಮಹಿಳೆಯರಲ್ಲಿ ಆ ಪ್ರಮಾಣ ಶೇ 23. ಅಂದಿನ ಜನಗಣತಿ ಎಣಿಸಿದ್ದು ಎಂಟು ಬಗೆಯ ವೈಕಲ್ಯಗಳನ್ನು. 2016ರ ಕಾಯ್ದೆ ಗುರುತಿಸುವುದು 21 ಬಗೆಯವನ್ನು. ಹಾಗಾಗಿ ಇಂದಿನ ನಿಜ ಸಂಖ್ಯೆ ಇದಕ್ಕಿಂತ ದೊಡ್ಡದಿರುತ್ತದೆ. ಹುಡುಕಾಟವನ್ನೇ ಬಿಟ್ಟ ಈ ದೊಡ್ಡ ಗುಂಪಿನಿಂದ ಒಬ್ಬರು ಧೈರ್ಯ ಮಾಡಿ ಇಂಟರ್ನ್‌ಶಿಪ್‌ಗೆ ಬರುತ್ತಾರೆ ಎಂದರೆ ಅಷ್ಟರಲ್ಲಿ ಮನೆಯವರು, ಶಾಲೆ, ಸಂಘಸಂಸ್ಥೆಗಳ ವರ್ಷಗಟ್ಟಲೆಯ ಶ್ರಮ ಖರ್ಚಾಗಿರುತ್ತದೆ. ಕೊನೆಗೆ ನೌಕರಿ ಸಿಗದೆ ಅವರು ಮನೆಗೆ ಮರಳಿದರೆ, ಅದನ್ನು ನೋಡಿದ ಅಕ್ಕಪಕ್ಕದ ಇನ್ನೊಂದು ಮನೆ ತನ್ನ ಮಗಳನ್ನು ಕಳುಹಿಸುವುದಿಲ್ಲ.

ಅಪ್ರೆಂಟಿಸ್ ಎಂದರೆ ನೌಕರನಲ್ಲ

ಕಲಿಯುವವರನ್ನು ಕಂಪನಿಯೊಳಗೆ ತರಲು ಸದ್ಯ ಮುಖ್ಯವಾಗಿ ಎರಡು ದಾರಿಗಳಿವೆ. 1961ರ ಅಪ್ರೆಂಟಿಸ್ ಕಾಯ್ದೆ ಹಳೆಯದು. 30 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ತಮ್ಮ ಸಿಬ್ಬಂದಿಬಲದ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ. 2024ರ ಬಜೆಟ್‌ನಲ್ಲಿ ಘೋಷಣೆಯಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ಹೊಸದು. ಪ್ರಾಯೋಗಿಕ ಹಂತದಲ್ಲಿ 21ರಿಂದ 24 ವರ್ಷದವರಿಗೆ 12 ತಿಂಗಳ ಅವಕಾಶ, ತಿಂಗಳಿಗೆ 5 ಸಾವಿರ ರೂಪಾಯಿ (ಸರ್ಕಾರದಿಂದ 4,500, ಕಂಪನಿಯಿಂದ 500), ಜೊತೆಗೆ ಒಂದು ಸಲಕ್ಕೆ 6 ಸಾವಿರ ರೂಪಾಯಿ. ಸಾಮಾಜಿಕ ಹೊಣೆಗಾರಿಕೆಗೆ, ಅಂದರೆ ಸಿಎಸ್‌ಆರ್‌ಗೆ, ಹೆಚ್ಚು ಖರ್ಚು ಮಾಡುವ 500 ದೊಡ್ಡ ಕಂಪನಿಗಳನ್ನು ಇದಕ್ಕೆ ಆಯ್ದುಕೊಳ್ಳಲಾಯಿತು.

ಎರಡೂ ದಾರಿಗಳಲ್ಲಿ ಒಂದು ಸಮಾನ ಲಕ್ಷಣವಿದೆ. ಅಪ್ರೆಂಟಿಸ್ ಕಾಯ್ದೆಯ 18ನೇ ಸೆಕ್ಷನ್ ಅವರನ್ನು ಟ್ರೈನಿಗಳೆಂದು ಕರೆದು, ಕಾರ್ಮಿಕರಲ್ಲ ಎಂದು ಸ್ಪಷ್ಟವಾಗಿ ಹೇಳುತ್ತದೆ. ಕೆಲಸದಲ್ಲಿ ಗಾಯವಾದರೆ ಪರಿಹಾರದಂಥ ಕೆಲವು ರಕ್ಷಣೆಗಳನ್ನು ಬಿಟ್ಟರೆ ಕಾರ್ಮಿಕ ಕಾನೂನುಗಳು ಅವರಿಗೆ ಅನ್ವಯವಾಗುವುದಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳು ಈ ಗೆರೆಯನ್ನು ಅಳಿಸಿಲ್ಲ. ವೇತನ ಸಂಹಿತೆಯ ಪ್ರಕಾರ ‘ನೌಕರ’ ಎಂದರೆ ಯಾರು ಎಂಬ ವ್ಯಾಖ್ಯೆಯಿಂದ ಅಪ್ರೆಂಟಿಸ್ ಕಾಯ್ದೆಯಡಿ ಬಂದವರು ಹೊರಗೆ. ಪ್ರಧಾನಮಂತ್ರಿ ಯೋಜನೆಯ ಇಂಟರ್ನ್‌ಗೂ ಕಂಪನಿಗೂ ಮಾಲೀಕ–ನೌಕರ ಸಂಬಂಧವಿಲ್ಲ.

ಇದು ತಪ್ಪೆಂದು ಹೇಳಲಾಗದು. ಕಲಿಯಲು ಬಂದವರ ಮೇಲೆ ಪೂರ್ತಿ ಸಂಬಳದ ಹೊರೆ ಹೊರಿಸಿದರೆ ಯಾವ ಕಂಪನಿಯೂ ಕಲಿಸಲು ಮುಂದೆ ಬರುವುದಿಲ್ಲ. ತೊಂದರೆ ಇರುವುದು ಕಲಿಕೆ ಮುಗಿದ ಮೇಲೆ. ಅಪ್ರೆಂಟಿಸ್ ಕಾಯ್ದೆಯ 22ನೇ ಸೆಕ್ಷನ್‌ಗೆ 2014ರಲ್ಲಿ ತಿದ್ದುಪಡಿ ಬಂತು. ತನ್ನಲ್ಲಿ ತರಬೇತಿ ಮುಗಿಸಿದವರನ್ನು ನೇಮಿಸಿಕೊಳ್ಳುವ ಬಗ್ಗೆ ಪ್ರತಿ ಮಾಲೀಕನೂ ತನ್ನದೇ ಒಂದು ನೀತಿಯನ್ನು ರೂಪಿಸಬೇಕು ಎಂಬುದೇ ಅದರ ತಿರುಳು. ಆ ನೀತಿಯಲ್ಲಿ ಏನಿರಬೇಕು ಎಂಬುದು ಮಾಲೀಕನಿಗೇ ಬಿಟ್ಟದ್ದು.

ಅದೇ ಸೆಕ್ಷನ್‌ನ ಎರಡನೇ ಭಾಗ ಮಾತ್ರ ಹೆಚ್ಚು ಜನರ ಕಣ್ಣಿಗೆ ಬಿದ್ದಿಲ್ಲ. ತರಬೇತಿಯ ನಂತರ ಅಭ್ಯರ್ಥಿ ಅದೇ ಸಂಸ್ಥೆಯಲ್ಲಿ ಸೇವೆ ಸಲ್ಲಿಸಬೇಕು ಎಂಬ ಷರತ್ತು ಒಪ್ಪಂದದಲ್ಲಿದ್ದರೆ, ಅವರಿಗೆ ಸೂಕ್ತ ಉದ್ಯೋಗ ಕೊಡುವುದು ಮಾಲೀಕನ ಹೊಣೆಯಾಗುತ್ತದೆ. ಅಂದರೆ ನೌಕರಿಯ ಭರವಸೆಯನ್ನು ಒಪ್ಪಂದಕ್ಕೇ ಸೇರಿಸುವ ದಾರಿ ಕಾನೂನಿನಲ್ಲಿದೆ. ವಿಕಲಚೇತನ ಅಪ್ರೆಂಟಿಸ್‌ಗಳ ಒಪ್ಪಂದಗಳಲ್ಲಿ ಆ ಷರತ್ತನ್ನು ಬರೆಸಲು ಹೊಸ ಕಾಯ್ದೆಯೇ ಬೇಕಾಗಿಲ್ಲ, ಸರ್ಕಾರ ತನ್ನ ಪ್ರೋತ್ಸಾಹಧನವನ್ನು ಅದಕ್ಕೆ ಜೋಡಿಸಿದರೂ ಸಾಕು.

ಹಣ ಎಲ್ಲಿಗೆ ಬಂದು ನಿಲ್ಲುತ್ತದೆ

ಖಾಸಗಿ ಕಂಪನಿಗಳಲ್ಲಿ ವಿಕಲಚೇತನರ ಇಂಟರ್ನ್‌ಶಿಪ್‌ಗೆ ಹಣ ಹೆಚ್ಚಾಗಿ ಬರುವುದು ಸಿಎಸ್‌ಆರ್ ಖಾತೆಯಿಂದ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಅಡಿ ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಕೊಡಬೇಕು. ಆ ಹಣದಲ್ಲಿ ಸ್ವಯಂಸೇವಾ ಸಂಸ್ಥೆಯೊಂದು ಯುವಕರನ್ನು ಆಯ್ದು, ಕಂಪ್ಯೂಟರ್, ಇಂಗ್ಲಿಷ್, ಗ್ರಾಹಕರೊಡನೆ ಮಾತಿನ ರೀತಿ ಕಲಿಸುತ್ತದೆ; ಸಂಜ್ಞಾ ಭಾಷೆಯ ದುಭಾಷಿಯನ್ನು ಒದಗಿಸುತ್ತದೆ; ಕೆಲಸದ ಜಾಗದಲ್ಲಿ ಕೈಹಿಡಿದು ಕಲಿಸುವ ಜಾಬ್ ಕೋಚ್‌ನ ಸಂಬಳವನ್ನೂ ಭರಿಸುತ್ತದೆ.

ಆದರೆ ತನ್ನ ನೌಕರರಿಗೆ ಪ್ರಯೋಜನವಾಗುವ ಚಟುವಟಿಕೆಗೆ ಕಂಪನಿ ಮಾಡುವ ಖರ್ಚನ್ನು ಸಿಎಸ್‌ಆರ್ ಎಂದು ಪರಿಗಣಿಸಲಾಗದು ಎಂದು ಸಿಎಸ್‌ಆರ್ ನಿಯಮಗಳೇ ಹೇಳುತ್ತವೆ. ದುರುಪಯೋಗ ತಡೆಯಲು ಆ ನಿಯಮ ಬೇಕೇ ಬೇಕು. ಇಲ್ಲದಿದ್ದರೆ ಸಿಬ್ಬಂದಿಯ ಪ್ರವಾಸವೂ ಸಮಾಜಸೇವೆಯಾಗಿಬಿಡುತ್ತಿತ್ತು. ಆದರೆ ನಮ್ಮ ವಿಷಯದಲ್ಲಿ ಅದರ ಪರಿಣಾಮ ವಿಚಿತ್ರ. ಇಂಟರ್ನ್ ಆಗಿದ್ದಾಗ ಸಿಗುತ್ತಿದ್ದ ದುಭಾಷಿಯ ಖರ್ಚು, ಜಾಬ್ ಕೋಚ್‌ನ ಖರ್ಚು ಎಲ್ಲವೂ ಆ ವ್ಯಕ್ತಿ ನೌಕರನಾದ ದಿನವೇ ಸಿಎಸ್‌ಆರ್ ಖಾತೆಯಿಂದ ಹೊರಬೀಳುತ್ತವೆ. ಅಷ್ಟನ್ನೂ ಇನ್ನು ಮುಂದೆ ಭರಿಸಬೇಕಾದವರು ಆ ವಿಭಾಗದ ಮ್ಯಾನೇಜರ್, ತಮ್ಮ ಬಜೆಟ್‌ನಿಂದ. ಆ ಮ್ಯಾನೇಜರ್‌ಗೆ ಈ ಇಂಟರ್ನ್‌ನನ್ನು ಆಯ್ಕೆ ಮಾಡುವಾಗ ಯಾರೂ ಕೇಳಿರುವುದಿಲ್ಲ, ಖಾಲಿ ಹುದ್ದೆಯೂ ಇರುವುದಿಲ್ಲ. ಫೋಟೊ ತೆಗೆಸಿಕೊಂಡ ಸಿಎಸ್‌ಆರ್ ವಿಭಾಗದ ವರ್ಷ ಯಶಸ್ವಿಯಾಗಿ ಮುಗಿದಿರುತ್ತದೆ.

ಒಂದು ಕಾನೂನು ಕಲಿಯುತ್ತಿರುವವರನ್ನು ನೌಕರರಲ್ಲ ಎಂದು ಹೊರಗಿಡುತ್ತದೆ, ಇನ್ನೊಂದು ನಿಯಮ ನೌಕರರಾದರು ಎಂಬ ಕಾರಣಕ್ಕೇ ನೆರವನ್ನು ಹಿಂತೆಗೆದುಕೊಳ್ಳುತ್ತದೆ. ಎರಡರ ನಡುವಿನ ಆ ಕೆಲವು ತಿಂಗಳುಗಳಿಗೆ ವಾರಸುದಾರರೇ ಇಲ್ಲ. ನೌಕರಿ ತಪ್ಪುವುದು ಹೆಚ್ಚಾಗಿ ಅಲ್ಲಿಯೇ.

ಮಾಲೀಕರಿಗೆ ನೇರ ಪ್ರೋತ್ಸಾಹ ಕೊಟ್ಟರೆ ಈ ಅಂತರ ಮುಚ್ಚೀತೇ? ಪ್ರಯತ್ನ ನಡೆದಿದೆ. ವಿಕಲಚೇತನರನ್ನು ನೇಮಿಸಿಕೊಂಡ ಖಾಸಗಿ ಸಂಸ್ಥೆಗಳ ಪಾಲಿನ ಪಿಎಫ್ ಮತ್ತು ಇಎಸ್‌ಐ ವಂತಿಗೆಯನ್ನು ಮೊದಲ ಮೂರು ವರ್ಷ ತಾನೇ ಭರಿಸುವ ಯೋಜನೆಯನ್ನು ಕೇಂದ್ರ ಸರ್ಕಾರ 2008ರ ಏಪ್ರಿಲ್‌ನಲ್ಲೇ ಆರಂಭಿಸಿತ್ತು. ಅದು ಹಿಡಿಯಲಿಲ್ಲ. ಲೆಕ್ಕ ಹಾಕಿದರೆ ಕಾರಣ ಕಾಣುತ್ತದೆ: ಈಗಿನ ದರದಲ್ಲಿ 15 ಸಾವಿರ ರೂಪಾಯಿ ಸಂಬಳಕ್ಕೆ ಮಾಲೀಕರ ಪಿಎಫ್ ಪಾಲು ಶೇ 12ರಂತೆ 1,800 ರೂಪಾಯಿ, ಇಎಸ್‌ಐ ಶೇ 3.25ರಂತೆ ಸುಮಾರು 490. ತಿಂಗಳಿಗೆ ಒಟ್ಟು 2,300 ರೂಪಾಯಿಯಷ್ಟು ಉಳಿತಾಯ, ಅದಕ್ಕೆ ಪ್ರತ್ಯೇಕ ಅರ್ಜಿ, ಪ್ರಮಾಣಪತ್ರ, ಪರಿಶೀಲನೆ. ಮಾಲೀಕನಿಗಿದ್ದ ಭಯ ಸಂಬಳದ ಕುರಿತದ್ದಾಗಿರಲಿಲ್ಲ. ‘ಇವರೊಡನೆ ಕೆಲಸ ಹೇಗೆ ಮಾಡಿಸುವುದು, ಆಗದಿದ್ದರೆ ಯಾರನ್ನು ಕೇಳುವುದು’ ಎಂಬುದಾಗಿತ್ತು. ಅದಕ್ಕೆ ವಂತಿಗೆಯ ರಿಯಾಯಿತಿ ಉತ್ತರವಲ್ಲ.

2025ರ ಆಗಸ್ಟ್ 1ರಿಂದ ಆರಂಭವಾದ ಪ್ರಧಾನಮಂತ್ರಿ ವಿಕಸಿತ ಭಾರತ ರೋಜ್‌ಗಾರ್ ಯೋಜನೆ ಹೆಚ್ಚುವರಿಯಾಗಿ ನೇಮಿಸಿಕೊಂಡ ಪ್ರತಿ ನೌಕರನಿಗೆ ಮಾಲೀಕರಿಗೆ ತಿಂಗಳಿಗೆ 3 ಸಾವಿರ ರೂಪಾಯಿವರೆಗೆ ಎರಡು ವರ್ಷ ಕೊಡುತ್ತದೆ. ಎಲ್ಲರಿಗೂ ಒಂದೇ ಮೊತ್ತವಾದ್ದರಿಂದ, ಹೆಚ್ಚು ಹೊಂದಾಣಿಕೆ ಬೇಕಿರುವವರನ್ನು ಆರಿಸಿಕೊಳ್ಳಲು ಅದರಲ್ಲಿ ವಿಶೇಷ ಕಾರಣವೇನೂ ಸಿಗುವುದಿಲ್ಲ.

ಮನೆಯವರ ಲೆಕ್ಕ

‘ಕೆಲಸ ಕೊಟ್ಟರೂ ಬಿಟ್ಟು ಹೋಗುತ್ತಾರೆ’ ಎಂಬುದು ಕಂಪನಿಗಳಿಂದ ಆಗಾಗ ಕೇಳುವ ದೂರು. ಇದರಲ್ಲಿ ಸತ್ಯವಿದೆ, ಆದರೆ ಕಾರಣವನ್ನು ಹುಡುಗನ ಸೋಮಾರಿತನದಲ್ಲಿ ಹುಡುಕುವುದು ತಪ್ಪು.

ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡ್‌ಗೆ ಕುಟುಂಬದ ವಾರ್ಷಿಕ ಆದಾಯ 1.20 ಲಕ್ಷ ರೂಪಾಯಿ ಮೀರಬಾರದು. ತಿಂಗಳಿಗೆ ಲೆಕ್ಕ ಹಾಕಿದರೆ 10 ಸಾವಿರ. ಇಂಟರ್ನ್‌ಶಿಪ್‌ನ 5 ಸಾವಿರ ವರ್ಷಕ್ಕೆ 60 ಸಾವಿರವಾಗುತ್ತದೆ, ಅಷ್ಟರಿಂದಲೇ ಮಿತಿ ದಾಟುವುದಿಲ್ಲ. ತಿಂಗಳಿಗೆ 12 ಸಾವಿರದ ನೌಕರಿ ಸಿಕ್ಕರೆ ವರ್ಷಕ್ಕೆ 1.44 ಲಕ್ಷ, ಮನೆಯಲ್ಲಿ ಬೇರೆ ಯಾರೂ ಒಂದು ರೂಪಾಯಿ ದುಡಿಯದಿದ್ದರೂ ಕಾರ್ಡ್‌ನ ಅರ್ಹತೆ ಹೋಗುತ್ತದೆ. ಕಾರ್ಡ್ ಹೋದರೆ ಪಡಿತರ ಹೋಗುತ್ತದೆ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ಸಿಗುವ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯೂ ಹೋಗುತ್ತದೆ. ಆಸ್ಪತ್ರೆಗೆ ಪದೇಪದೇ ಹೋಗಬೇಕಾದ ಮಗುವಿರುವ ಮನೆಗೆ ಇದು ಸಣ್ಣ ವಿಷಯವಲ್ಲ. ಆದಾಯಮಿತಿಗೆ ಒಳಪಟ್ಟ ವಿಕಲಚೇತನರ ಮಾಸಾಶನದ ಕಥೆಯೂ ಇದೇ. ಮೊತ್ತ ಸಣ್ಣದು, ಆದರೆ ಒಮ್ಮೆ ನಿಂತರೆ ಮತ್ತೆ ಮಾಡಿಸಲು ನಾಡಕಚೇರಿಯ ಸುತ್ತ ಎಷ್ಟು ಅಲೆಯಬೇಕೆಂದು ತಾಯಿತಂದೆಯರಿಗೆ ಗೊತ್ತು. ಆರು ತಿಂಗಳ ನಂತರ ಇರುತ್ತದೋ ಇಲ್ಲವೋ ಎಂಬ ಗುತ್ತಿಗೆಯ ಕೆಲಸಕ್ಕಾಗಿ ಇಷ್ಟನ್ನೆಲ್ಲ ಪಣಕ್ಕಿಡುವುದು ಅವರಿಗೆ ಬುದ್ಧಿವಂತಿಕೆಯಾಗಿ ಕಾಣುವುದಿಲ್ಲ. ಅವರ ಲೆಕ್ಕ ಸರಿಯಾಗಿಯೇ ಇದೆ.

ಸಂಬಳದಾರರಿಗೆ ಇಎಸ್‌ಐ ಆಸ್ಪತ್ರೆ ಇದೆಯಲ್ಲ ಎನ್ನಬಹುದು. ವಿಕಲಚೇತನ ನೌಕರರಿಗೆ ಇಎಸ್‌ಐ ವೇತನಮಿತಿ 25 ಸಾವಿರ ರೂಪಾಯಿ, ಉಳಿದವರಿಗೆ 21 ಸಾವಿರ. ಇದು ಒಳ್ಳೆಯ ವಿನಾಯಿತಿ. ಆದರೆ ವಂತಿಗೆ ಕಟ್ಟಲು ಆರಂಭಿಸಿದ ಕೂಡಲೇ ಎಲ್ಲ ಬಗೆಯ ಚಿಕಿತ್ಸೆಗೂ ಹಕ್ಕು ಬರುವುದಿಲ್ಲ, ನೌಕರಿ ಬಿಟ್ಟರೆ ರಕ್ಷಣೆಯೂ ಹೋಗುತ್ತದೆ. ನೌಕರಿ ಸಿಕ್ಕ ಮೊದಲ ಎರಡು ವರ್ಷ ಹಳೆಯ ಸೌಲಭ್ಯಗಳನ್ನು ಮುಟ್ಟುವುದಿಲ್ಲ ಎಂಬ ಒಂದು ಆದೇಶ ಹೊರಡಿಸಿದರೆ ಎಷ್ಟೋ ಮನೆಗಳ ಹಿಂಜರಿಕೆ ಕರಗುತ್ತದೆ. ಅದು ರಾಜ್ಯ ಸರ್ಕಾರದ ಕೈಯಲ್ಲೇ ಇದೆ.

ದೂರದ ಮಾತೂ ಇದೆ. ಪ್ರಧಾನಮಂತ್ರಿ ಇಂಟರ್ನ್‌ಶಿಪ್‌ಗೆ ಆಯ್ಕೆಯಾದವರು ಬಾರದಿರಲು ಸ್ಥಳ, ಹನ್ನೆರಡು ತಿಂಗಳ ದೀರ್ಘ ಅವಧಿ ಮತ್ತು ಕೆಲಸದ ಬಗೆ ಕಾರಣವೆಂದು ಸರ್ಕಾರವೇ ಹೇಳಿದೆ. ಕೈಕಾಲು ಗಟ್ಟಿ ಇರುವವರೇ ದೂರವೆಂದು ಹಿಂಜರಿದರೆ, ಗಾಲಿಕುರ್ಚಿಯವರ ಪಾಡೇನು? ಬೆಂಗಳೂರಿನಲ್ಲಿ 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ತೆರೆದು ಬೊಮ್ಮಸಂದ್ರದವರೆಗೆ ಮೆಟ್ರೊ ಬಂದಿದೆ, ನಿಲ್ದಾಣದಲ್ಲಿ ಲಿಫ್ಟ್ ಇದೆ. ನಿಲ್ದಾಣದಿಂದ ಕಾರ್ಖಾನೆಯ ಗೇಟಿಗೆ ಹೋಗುವ ಹಾದಿ ಮೆಟ್ರೊ ನಿಗಮದ್ದಲ್ಲ. ಆಟೊಗೆ ದಿನಕ್ಕೆ ಇನ್ನೂರು ರೂಪಾಯಿ ಕೊಟ್ಟರೆ 5 ಸಾವಿರದ ಸ್ಟೈಪೆಂಡ್ ಪೂರ್ತಿ ಅದಕ್ಕೇ ಸಮ. ತಾಲ್ಲೂಕುಗಳಿಂದ ಬರುವವರಿಗೆ ಬಾಡಿಗೆ ಕೋಣೆಯ ಖರ್ಚು ಬೇರೆ. ವಯಸ್ಸಿನ ಮಿತಿಯೂ ಅಡ್ಡಿಯೇ: ತಡವಾಗಿ ಶಾಲೆಗೆ ಸೇರಿ, ಮಧ್ಯೆ ಶಸ್ತ್ರಚಿಕಿತ್ಸೆಗೆ ವರ್ಷ ಕಳೆದು, 25ಕ್ಕೆ ಪದವಿ ಮುಗಿಸುವವರು ವಿಕಲಚೇತನರಲ್ಲಿ ವಿರಳವಲ್ಲ. 24ಕ್ಕೆ ಬಾಗಿಲು ಹಾಕುವ ಯೋಜನೆ ಅವರನ್ನು ನೋಡುವುದೇ ಇಲ್ಲ.

ಸಣ್ಣ ಬದಲಾವಣೆಗಳ ದೊಡ್ಡ ಜಗಳ

ಸಮಂಜಸ ಹೊಂದಾಣಿಕೆಯನ್ನು, ಅಂದರೆ ವಿಕಲಚೇತನರಿಗಾಗಿ ಮಾಡಬೇಕಾದ ಸೂಕ್ತ ಬದಲಾವಣೆಗಳನ್ನು, ನಿರಾಕರಿಸುವುದೂ ತಾರತಮ್ಯವೇ ಎಂದು 2016ರ ಕಾಯ್ದೆಯ ವ್ಯಾಖ್ಯೆಯಲ್ಲಿಯೇ ಇದೆ. ಸುಪ್ರೀಂ ಕೋರ್ಟ್ 2021ರ ವಿಕಾಸ್ ಕುಮಾರ್ ಪ್ರಕರಣದಲ್ಲಿ ಇದನ್ನು ಎತ್ತಿಹಿಡಿಯಿತು. 2024ರ ನವೆಂಬರ್‌ನಲ್ಲಿ ರಾಜೀವ್ ರತೂರಿ ಪ್ರಕರಣದ ತೀರ್ಪು ಇನ್ನೂ ಮುಂದೆ ಹೋಗಿ, ಸುಗಮ ಪ್ರವೇಶದ ಮಾನದಂಡಗಳನ್ನು ಬರೀ ಸಲಹೆಯ ಮಟ್ಟದಲ್ಲಿಟ್ಟಿದ್ದ ನಿಯಮವನ್ನು ಕಾಯ್ದೆಗೆ ವಿರುದ್ಧವೆಂದು ಸಾರಿ, ಕಡ್ಡಾಯ ಮಾನದಂಡಗಳನ್ನು ರೂಪಿಸಲು ಕೇಂದ್ರಕ್ಕೆ ಸೂಚಿಸಿತು.

ಹೊಂದಾಣಿಕೆ ಎಂದೊಡನೆ ಮಾಲೀಕರ ಕಣ್ಣ ಮುಂದೆ ಬರುವುದು ರ‍್ಯಾಂಪ್, ಲಿಫ್ಟ್, ಲಕ್ಷಾಂತರ ರೂಪಾಯಿ ಖರ್ಚು. ಬಹುತೇಕ ಪ್ರಕರಣಗಳಲ್ಲಿ ಬೇಕಿರುವುದು ಅದಲ್ಲ. ದೃಷ್ಟಿ ಇಲ್ಲದವರಿಗೆ ಸ್ಕ್ರೀನ್ ರೀಡರ್ ಬೇಕು, ಉಚಿತವಾಗಿ ಸಿಗುವ ತಂತ್ರಾಂಶವೇ ಇದೆ. ಆದರೆ ಕಂಪನಿಯ ಆಂತರಿಕ ಹಾಜರಾತಿ ಆ್ಯಪ್ ಅದಕ್ಕೆ ಸ್ಪಂದಿಸದಿದ್ದರೆ ಆ ನೌಕರ ಮೊದಲ ದಿನವೇ ಗೈರುಹಾಜರಿ. ಕಿವುಡರಿಗೆ ಬೆಳಗಿನ ಐದು ನಿಮಿಷದ ಸಭೆಯ ಸೂಚನೆಗಳು ವಾಟ್ಸ್‌ಆ್ಯಪ್ ಸಂದೇಶವಾಗಿ ಬಂದರೆ ಅರ್ಧ ತೊಂದರೆ ಮುಗಿಯಿತು. ಆಟಿಸಂ ಇರುವವರಿಗೆ ಕುಳಿತುಕೊಳ್ಳುವ ಜಾಗ ದಿನಕ್ಕೊಂದು ಆಗಬಾರದು. ಬೌದ್ಧಿಕ ವೈಕಲ್ಯ ಇರುವವರಿಗೆ ಕೆಲಸವನ್ನು ಚಿತ್ರಗಳ ಸಹಿತ ಹಂತಹಂತವಾಗಿ ಬಿಡಿಸಿಟ್ಟ ಪಟ್ಟಿ, ಮತ್ತು ಮೊದಲ ಕೆಲವು ತಿಂಗಳು ಜೊತೆಗಿರುವ ಒಬ್ಬರು ಬೇಕು.

ಇಂಟರ್ನ್‌ಶಿಪ್‌ನ ನಿಜವಾದ ಬೆಲೆ ಇಲ್ಲಿದೆ. ಯಾವ ಹೊಂದಾಣಿಕೆ ಬೇಕು ಎಂಬುದು ಸಂದರ್ಶನದ ಅರ್ಧ ಗಂಟೆಯಲ್ಲಿ ಮಾಲೀಕನಿಗೂ ತಿಳಿಯದು, ಅಭ್ಯರ್ಥಿಗೂ ತಿಳಿಯದು. ಮೂರು ತಿಂಗಳು ಜೊತೆಗೆ ಕೆಲಸ ಮಾಡಿದಾಗ ಇಬ್ಬರಿಗೂ ತಿಳಿಯುತ್ತದೆ. ಆದರೆ ಇಂಟರ್ನ್‌ಗೆ ಕೊಟ್ಟ ಕೆಲಸವೇ ಬೇರೆ, ಖಾಲಿ ಇರುವ ಹುದ್ದೆಯ ಕೆಲಸವೇ ಬೇರೆ ಆದರೆ ಆ ತಿಳಿವಳಿಕೆ ವ್ಯರ್ಥ. ಫೋಟೊಕಾಪಿ ತೆಗೆಯುತ್ತ ಕಳೆದ ಆರು ತಿಂಗಳು ಲೆಕ್ಕಪತ್ರ ವಿಭಾಗದ ಹುದ್ದೆಗೆ ಯಾವ ಸಾಕ್ಷ್ಯವನ್ನೂ ಒದಗಿಸುವುದಿಲ್ಲ. ಇಂಟರ್ನ್‌ಶಿಪ್ ಎಂಬುದು ಮದುವೆಯ ಮಾತೇ ಇಲ್ಲದ ಹೆಣ್ಣು ನೋಡುವ ಶಾಸ್ತ್ರದಂತೆ ನಡೆದರೆ, ಉಪ್ಪಿಟ್ಟು–ಕೇಸರಿಬಾತ್ ತಿಂದು ಎದ್ದು ಹೋಗುವುದಷ್ಟೇ ಆಗುತ್ತದೆ.

ಹುದ್ದೆ ಮೊದಲು, ತರಬೇತಿ ಆಮೇಲೆ

ಅಮೆರಿಕದ ಸಿನ್ಸಿನಾಟಿಯ ಮಕ್ಕಳ ಆಸ್ಪತ್ರೆಯಲ್ಲಿ 1996ರಲ್ಲಿ ಪ್ರಾಜೆಕ್ಟ್ ಸರ್ಚ್ ಎಂಬ ಕಾರ್ಯಕ್ರಮ ಆರಂಭವಾಯಿತು. ತುರ್ತು ಚಿಕಿತ್ಸಾ ವಿಭಾಗದಲ್ಲಿ ಸಾಮಗ್ರಿ ತುಂಬಿಡುವ ಕೆಲಸಕ್ಕೆ ಬಂದವರು ನಿಲ್ಲುತ್ತಿರಲಿಲ್ಲ. ಅದನ್ನು ಬೌದ್ಧಿಕ ವೈಕಲ್ಯ ಇರುವ ಯುವಜನರು ಮಾಡಬಹುದೇ ಎಂಬ ಯೋಚನೆ ಅಲ್ಲಿನ ನರ್ಸಿಂಗ್ ಮುಖ್ಯಸ್ಥೆ ಎರಿನ್ ರೀಲ್ ಅವರಿಗೆ ಬಂತು. ಆರಂಭದ ಬಿಂದು ಗಮನಿಸಬೇಕು: ಆಸ್ಪತ್ರೆಗೆ ನಿಜವಾಗಿ ಜನ ಬೇಕಿದ್ದ ಹುದ್ದೆ. ಶಾಲೆಯ ಕೊನೆಯ ವರ್ಷವನ್ನು ವಿದ್ಯಾರ್ಥಿಗಳು ಅದೇ ಕೆಲಸದ ಜಾಗದಲ್ಲಿ ಕಳೆದು, ಮೂರು ಬೇರೆ ಬೇರೆ ವಿಭಾಗಗಳಲ್ಲಿ ಇಂಟರ್ನ್ ಆಗುತ್ತಾರೆ. ಶಿಕ್ಷಕರು ಮತ್ತು ಜಾಬ್ ಕೋಚ್ ಅಲ್ಲಿಯೇ ಇರುತ್ತಾರೆ.

ಇಂಗ್ಲೆಂಡಿನಲ್ಲಿ ವಿಶೇಷ ಶೈಕ್ಷಣಿಕ ಅಗತ್ಯದ ಯುವಜನರಿಗೆ ಕನಿಷ್ಠ ಆರು ತಿಂಗಳ ಬೆಂಬಲಿತ ಇಂಟರ್ನ್‌ಶಿಪ್ ಇದೆ, ಅದಕ್ಕೆ ಸಂಬಳವಿಲ್ಲ. ಆದರೆ ಅಲ್ಲಿನ ‘ಆ್ಯಕ್ಸೆಸ್ ಟು ವರ್ಕ್’ ಎಂಬ ಸರ್ಕಾರಿ ನಿಧಿ ಜಾಬ್ ಕೋಚ್, ಉಪಕರಣ, ಪ್ರಯಾಣದ ಖರ್ಚನ್ನು ಇಂಟರ್ನ್‌ಶಿಪ್‌ನಲ್ಲೂ ಕೊಡುತ್ತದೆ, ಸಂಬಳದ ನೌಕರಿ ಸಿಕ್ಕ ಮೇಲೂ ಕೊಡುತ್ತದೆ. ಹಣ ಸಂಸ್ಥೆಗಾಗಲಿ ಯೋಜನೆಗಾಗಲಿ ಅಂಟಿಕೊಳ್ಳದೆ ವ್ಯಕ್ತಿಯ ಹಿಂದೆ ಹೋಗುತ್ತದೆ. ನಮ್ಮಲ್ಲಿ ಕಾಣೆಯಾಗಿರುವ ಕೊಂಡಿ ಇದೇ. ಆ ನಿಧಿಯಿಂದ ಹಣ ಬರಲು ತಡವಾಗುತ್ತದೆ ಎಂಬ ದೂರು ಅಲ್ಲಿಯೂ ಜೋರಾಗಿದೆ ಎನ್ನುವುದನ್ನು ಮರೆಯಬೇಕಿಲ್ಲ.

ಕರ್ನಾಟಕಕ್ಕೆ ಈ ಅನುಭವ ಪೂರ್ತಿ ಹೊರಗಿನದೇನಲ್ಲ. 1959ರಿಂದಿರುವ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ, 1990ರ ದಶಕದ ಕೊನೆಯಲ್ಲಿ ಹುಟ್ಟಿದ ಸಮರ್ಥನಂ ಮತ್ತು ಎನೇಬಲ್ ಇಂಡಿಯಾ ಎಂಬ ಸ್ವಯಂಸೇವಾ ಸಂಸ್ಥೆಗಳು ಬೆಂಗಳೂರಿನವು. 2017ರಲ್ಲಿ ಹುಬ್ಬಳ್ಳಿಯಲ್ಲಿ ಆರಂಭವಾದ, ವಿಕಲಚೇತನರೇ ದುಡಿಯುವ ಮಿಟ್ಟಿ ಕೆಫೆಯ ಮಳಿಗೆ 2023ರಲ್ಲಿ ಸುಪ್ರೀಂ ಕೋರ್ಟ್ ಆವರಣದಲ್ಲೇ ತೆರೆಯಿತು. ಕೇಂದ್ರದ ವಿಕಲಚೇತನರ ರಾಷ್ಟ್ರೀಯ ವೃತ್ತಿ ಸೇವಾ ಕೇಂದ್ರವೂ ಬೆಂಗಳೂರಿನಲ್ಲಿದೆ. ಗ್ರಾಮ ಪಂಚಾಯಿತಿಗಳಲ್ಲಿ ಗೌರವಧನದ ಮೇಲೆ ದುಡಿಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ತಾಲ್ಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಯಾವ ಊರಿನಲ್ಲಿ ಯಾರು ಪಿಯುಸಿ ಮುಗಿಸಿ ಮನೆಯಲ್ಲಿದ್ದಾರೆ ಎಂಬುದು ಇವರಿಗೆ ಗೊತ್ತು. ಕಂಪನಿಗಳ ಎಚ್‌ಆರ್ ವಿಭಾಗಕ್ಕೆ ಇವರು ಯಾರೆಂದೇ ಗೊತ್ತಿಲ್ಲ.

ಯಾರ ವಾದ ಏನು

ಉದ್ಯಮದ ಕಡೆಯ ವಾದ ಮೂರು ಎಳೆಗಳದ್ದು. ಅರ್ಹ ಅಭ್ಯರ್ಥಿಗಳು ಸಿಗುವುದಿಲ್ಲ, ಕಡ್ಡಾಯ ಮಾಡಿದರೆ ಕಾಗದದ ಮೇಲಿನ ನೇಮಕಗಳು ಹೆಚ್ಚುತ್ತವೆ, ಹೂಡಿಕೆ ಪಕ್ಕದ ರಾಜ್ಯಕ್ಕೆ ಹೋಗುತ್ತದೆ. ಕೊನೆಯ ಮಾತಿಗೆ ರಾಜಕೀಯ ಬಲ ಎಷ್ಟಿದೆ ಎಂಬುದನ್ನು 2024ರ ಜುಲೈನಲ್ಲಿ ಕಂಡಿದ್ದೇವೆ: ಸ್ಥಳೀಯರಿಗೆ ಖಾಸಗಿ ಉದ್ಯೋಗ ಮೀಸಲಿಡುವ ಮಸೂದೆಯನ್ನು ಸಚಿವ ಸಂಪುಟ ಒಪ್ಪಿದ ಕೆಲವೇ ದಿನಗಳಲ್ಲಿ, ಉದ್ಯಮದ ವಿರೋಧದ ನಡುವೆ, ತಡೆಹಿಡಿಯಬೇಕಾಯಿತು. ಆದರೆ ಅದನ್ನೂ ಇದನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆ ಮಸೂದೆಯ ಪಾಲು ಶೇ 50ರಿಂದ 70. ಇಲ್ಲಿಯದು ಶೇ 5, ಅದೂ ಸಂಸತ್ತು ಎರಡು ಸಲ ಗುರಿಯಾಗಿ ಒಪ್ಪಿದ ಅಂಕಿ.

ವಿಕಲಚೇತನರ ಸಂಘಟನೆಗಳ ಉತ್ತರವೂ ಸರಳ. ಸ್ವಇಚ್ಛೆಗೆ ಬಿಟ್ಟು ಮೂವತ್ತು ವರ್ಷ ನೋಡಿಯಾಯಿತು. ಮೊದಲ ಸಾವಿರ ಲಿಸ್ಟೆಡ್ ಕಂಪನಿಗಳು ತಮ್ಮಲ್ಲಿ ಎಷ್ಟು ವಿಕಲಚೇತನ ನೌಕರರಿದ್ದಾರೆ ಎಂಬುದನ್ನು ಷೇರು ಮಾರುಕಟ್ಟೆ ನಿಯಂತ್ರಕ ಸೆಬಿಯ ನಿಯಮದಂತೆ ಪ್ರತಿವರ್ಷ ಬಹಿರಂಗಪಡಿಸುತ್ತಿವೆ. ಆ ಪುಟ ತೆರೆದು ನೋಡಿದರೆ ಸಾಕು ಎನ್ನುತ್ತಾರೆ ಅವರು. ಅದೇ ವರದಿಯಲ್ಲಿ ಎಷ್ಟು ಇಂಟರ್ನ್‌ಗಳು ನೌಕರರಾದರು ಎಂಬ ಪ್ರಶ್ನೆಯೇ ಇಲ್ಲ ಎಂಬುದನ್ನೂ ಇಲ್ಲಿ ಸೇರಿಸಬೇಕು.

ಇವೆರಡರ ನಡುವೆ ಇನ್ನೊಂದು ನಿಲುವಿದೆ, ಅದಕ್ಕೆ ಇಲ್ಲಿ ಇನ್ನೂ ದೊಡ್ಡ ದನಿ ಬಂದಿಲ್ಲ. ಜರ್ಮನಿಯಲ್ಲಿ 20 ಅಥವಾ ಹೆಚ್ಚು ಹುದ್ದೆಗಳಿರುವ ಮಾಲೀಕರು ಶೇ 5ರಷ್ಟನ್ನು ತೀವ್ರ ವೈಕಲ್ಯದವರಿಗೆ ಕೊಡಬೇಕು. ಕೊಡದಿದ್ದರೆ ಪ್ರತಿ ಖಾಲಿ ಸ್ಥಾನಕ್ಕೆ ಶುಲ್ಕ ಕಟ್ಟಬೇಕು. ಆ ಶುಲ್ಕ ಹೋಗುವುದು ವಿಕಲಚೇತನರನ್ನು ನೇಮಿಸಿಕೊಂಡ ಬೇರೆ ಮಾಲೀಕರ ಉಪಕರಣ, ಹೊಂದಾಣಿಕೆ, ನೆರವಿನ ಖರ್ಚಿಗೆ. ಜಪಾನಿನಲ್ಲೂ ಇಂಥದೇ ವ್ಯವಸ್ಥೆ. ಅಲ್ಲಿನ ಕಡ್ಡಾಯ ಪ್ರಮಾಣ 2024ರ ಏಪ್ರಿಲ್‌ನಲ್ಲಿ ಶೇ 2.5ಕ್ಕೆ ಏರಿತು. ಕೋಟಾ ತುಂಬದ ಕಂಪನಿಗಳು ಅಲ್ಲಿಯೂ ಬಹಳ ಇವೆ. ಆದರೆ ತುಂಬದವರ ಹಣ ತುಂಬುವವರಿಗೆ ಹರಿಯುತ್ತದೆ, ಆದ್ದರಿಂದ ಇಂಟರ್ನ್‌ಶಿಪ್ ಮುಗಿದ ಮೇಲಿನ ಆ ವಾರಸುದಾರರಿಲ್ಲದ ತಿಂಗಳುಗಳಿಗೂ ಖರ್ಚು ಸಿಗುತ್ತದೆ. ಬರಿಯ ದಂಡ ವಿಧಿಸಿ ಅದನ್ನು ಖಜಾನೆಗೆ ಸೇರಿಸಿದರೆ ಈ ಪ್ರಯೋಜನ ಬರುವುದಿಲ್ಲ.

ಮಸೂದೆ ಬಂದರೆ ಏನಾಗಬಹುದು

ಹೊಂದಾಣಿಕೆಯ ಖರ್ಚಿಗೆ ದಾರಿ ಮಾಡದೆ ಶೇ 5ರ ಕಡ್ಡಾಯ ಮಾತ್ರ ಬಂದರೆ, ಮೊದಲ ಒತ್ತಡ ಬೀಳುವುದು ಇಂಟರ್ನ್‌ಶಿಪ್ ಮೇಲೆಯೇ. ಇಂಟರ್ನ್‌ಗಳನ್ನೂ ಸಿಬ್ಬಂದಿಯ ಲೆಕ್ಕಕ್ಕೆ ಸೇರಿಸಿ ಎಂಬ ಬೇಡಿಕೆ ಬಂದೇ ಬರುತ್ತದೆ. ಅದನ್ನು ಒಪ್ಪಿದರೆ, ಹನ್ನೊಂದು ತಿಂಗಳಿಗೊಮ್ಮೆ ಹೊಸ ಇಂಟರ್ನ್‌ಗಳನ್ನು ತಂದು ಹಳಬರನ್ನು ಕಳುಹಿಸುತ್ತ ಕೋಟಾ ತುಂಬಿಸುವುದು ಅತ್ಯಂತ ಅಗ್ಗದ ದಾರಿಯಾಗುತ್ತದೆ. ಇದನ್ನು ತಪ್ಪಿಸಲು ಸಂಬಳದ ಹುದ್ದೆಗಳನ್ನಷ್ಟೇ ಎಣಿಸಬೇಕು. ಪೂರ್ಣಾವಧಿ ಕಾಯಂ ನೌಕರಿಗೆ ಕಂಪನಿ ತಕ್ಷಣ ಸಿದ್ಧವಿಲ್ಲದಿದ್ದರೆ ನಿಗದಿತ ಅವಧಿಯ ನೇಮಕಾತಿಯನ್ನಾದರೂ ಎಣಿಸಬಹುದು. ಹೊಸ ಸಂಹಿತೆಗಳಡಿ ಅಂಥವರಿಗೆ ಕಾಯಂ ನೌಕರರ ಸಮಾನ ಸೌಲಭ್ಯಗಳೂ, ಒಂದು ವರ್ಷದ ಸೇವೆಗೇ ಗ್ರ್ಯಾಚುಟಿಯೂ ಇವೆ.

ಎರಡನೆಯ ಪರಿಣಾಮ ಇನ್ನೂ ಮೌನವಾಗಿ ಆಗುವಂಥದ್ದು. ಸರ್ಕಾರಿ ಶೇ 4ರಲ್ಲಿ ವೈಕಲ್ಯದ ಬಗೆಯಂತೆ ಒಳಹಂಚಿಕೆ ಇದೆ. ಖಾಸಗಿ ಶೇ 5ರಲ್ಲಿ ಅದು ಇಲ್ಲದಿದ್ದರೆ, ಕಂಪನಿಗಳು ಸಹಜವಾಗಿ ಅತಿ ಕಡಿಮೆ ಬದಲಾವಣೆ ಬೇಡುವವರನ್ನು ಆರಿಸುತ್ತವೆ: ಒಂದು ಕಾಲಿಗೆ ಸ್ವಲ್ಪ ಊನವಿರುವ, ಪದವಿ ಮುಗಿಸಿದ, ನಗರದ ಯುವಕ. ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್‌ನಲ್ಲಿ ವೈಕಲ್ಯದ ಪ್ರಮಾಣ ಶೇ 40 ಅಥವಾ ಹೆಚ್ಚು ಇದ್ದರೆ ಲೆಕ್ಕಕ್ಕೆ ಅವನೂ ಒಬ್ಬ, ಶೇ 90ರ ಬೌದ್ಧಿಕ ವೈಕಲ್ಯದ ಯುವತಿಯೂ ಒಬ್ಬಳು. ಆ ಯುವಕನಿಗೆ ನೌಕರಿ ಸಿಗುವುದರಲ್ಲಿ ತಪ್ಪೇನಿಲ್ಲ. ಆದರೆ ಕಂಪನಿ ಪ್ರತಿವರ್ಷ ತುಂಬಿ ಕಳುಹಿಸುವ ನಮೂನೆಯಲ್ಲಿ ವೈಕಲ್ಯದ ಬಗೆ, ಲಿಂಗ, ಇಂಟರ್ನ್ ಆಗಿ ಬಂದ ದಿನ, ಸಂಬಳ ಆರಂಭವಾದ ದಿನ ಎಂಬ ಕಾಲಂಗಳು ಇಲ್ಲದಿದ್ದರೆ, ಕೋಟಾ ಪೂರ್ತಿ ತುಂಬಿದ ವರ್ಷದಲ್ಲೂ ಆ ಯುವತಿ ನಾಲ್ಕನೆಯ ತರಬೇತಿಗೆ ಅರ್ಜಿ ಹಾಕುತ್ತಿರುತ್ತಾಳೆ, ಅದು ಯಾರ ವರದಿಯಲ್ಲೂ ಕಾಣುವುದಿಲ್ಲ.